ಮಿಂಚಿನ ನೀರೂ ವನಜಕ್ಕನ ಬಂಗುಡೆಯೂ

ಮಣೂರಿನ ಪ್ರಫುಲ್ಲಮ್ಮನ ಮನೆಗೆ ವನಜಕ್ಕ ಇಪ್ಪತ್ತೆರಡು ವರ್ಷದಿಂದ ಮೀನು ಕೊಡುತ್ತಿದ್ದಾಳೆ. ಆ ಶುಕ್ರವಾರ ಮಾತ್ರ ಆಕೆಗೆ ಅಂಗಳದಲ್ಲಿ ಬುಟ್ಟಿ ಇಳಿಸಲಿಕ್ಕೇ ಬಿಡಲಿಲ್ಲ.

"ಇಳ್ಸೂದ್ ಬ್ಯಾಡ ವನಜ. ಹೊತ್ಕಂಡೇ ಕೇಣ್" ಅಂದರು ಪ್ರಫುಲ್ಲಮ್ಮ, ಜಗಲಿಯ ಮೇಲೆ ನಿಂತುಕೊಂಡೇ. "ಬುಧವಾರ ನೀ ಕೊಟ್ಟ ಬಂಗ್ಡಿ ತಿಂದ್ ನಮ್ಮನಿಯೋರಿಗೂ ಅಕ್ಷಿತಂಗೂ ಮೈಯೆಲ್ಲ ಕೆಂಪ್ ಕೆಂಪ್ ದದ್ದ್. ಮುಖ ಬೆಂಕಿ ಆದಾಂಗೆ ಆಯ್ತ್. ತಲೆಶೂಲೆ ಬೇರೆ. ಕೈ ತೊಳ್ದ್ ಅರ್ಧ ಗಂಟಿ ಆಯ್ಲಿಲ್ಲ, ಡಾಕ್ಟ್ರ ಹತ್ರ ಓಡ್ಕಾಯ್ತ್."

"ಅಯ್ಯೋ ದೇವ್ರೇ! ಅಮ್ಮ, ಮೀನ್ ವಾಸ್ನೆ ಬಂದಿತ್ತಾ?"

"ವಾಸ್ನೆ ಬಂದಿರೆ ನಾ ಪದಾರ್ಥ ಮಾಡ್ತಿದ್ನಾ? ಎಂತ ವಾಸ್ನೆಯೂ ಇಲ್ಲೆ. ಲಾಯ್ಕ್ ಮಾಡಿ ಬೇಯ್ಸಿದ್ದೇ. ಡಾಕ್ಟ್ರ್ ಕೇಂಡದ್ದ್ ಒಂದೇ ಮಾತ್, 'ಬಂಗ್ಡಿ ತಿಂದಿರ್ಯಾ' ಅಂದ್ಹೇಳಿ."

ವನಜಕ್ಕನಿಗೆ ತಲೆಬುಡ ಅರ್ಥವಾಗಲಿಲ್ಲ. ವಾಸನೆ ಬಂದಿಲ್ಲ, ಚೆನ್ನಾಗಿ ಬೆಂದಿದೆ, ಆದರೂ ಮೈ ತುಂಬ ದದ್ದು. ಇದೆಂಥ ಮೀನು ಮಾರಾಯ್ರೆ!

ಪ್ರಫುಲ್ಲಮ್ಮ ಕೆಟ್ಟವರಲ್ಲ, ಕೋಪ ಬಂದಿತ್ತು ಅಷ್ಟೆ. ಅವರ ಮಗಳು ಅಕ್ಷಿತಾಗೆ ಆಗಷ್ಟೇ ಗಂಡು ನಿಶ್ಚಯವಾಗಿತ್ತು. ಗಂಡಿನ ಕಡೆಯವರು ಮೊದಲ ಸಲ ಊಟಕ್ಕೆ ಬರುವುದಿತ್ತು. "ಆಯ್ತಾರ ಬೀಗ್ರ್ ಬತ್ರ್, ಹನ್ನೊಂದ್ ಜನ. ಬಂಗ್ಡಿ ಅಂದ್ರೆ ಪ್ರಾಣ ಅಂಬ್ರ್ ಅವ್ರಿಗೆ. ಇಷ್ಟ್ ವರ್ಷದ ಮುಖ ಕಂಡ್ಕಂಡ್ ಒಂದ್ ಸಲ ಕೊಡ್ತೆ ನಿಂಗೆ. ಅವತ್ತೂ ಹೀಂಗೇ ಆಯ್ತೋ, ಮತ್ತೆ ಈ ಅಂಗಳಕ್ಕೆ ಬಪ್ಪುದೇ ಬ್ಯಾಡ" ಅಂದು ಒಳಗೆ ಹೋದರು.

ಆ ಓಣಿಯಲ್ಲಿ ಹದಿನಾಲ್ಕು ಮನೆ. ಪ್ರಫುಲ್ಲಮ್ಮನ ಮನೆ ಬಿಟ್ಟರೆ ಹದಿನಾಲ್ಕೂ ಬಿಟ್ಟ ಹಾಗೆಯೇ. ಮೀನಿನವಳಿಗೆ ಅಂಗಡಿಯಿಲ್ಲ, ಬೋರ್ಡಿಲ್ಲ. ಇರುವುದು ಒಂದು ಹೆಸರು. ಅದು ಹೋದ ಮೇಲೆ ಬುಟ್ಟಿ ಕವುಚಿ ಹಾಕುವುದೇ.

ಕೋಟದಲ್ಲಿ ಬಸ್ಸು ಹತ್ತಿದವಳು ಕುಂಭಾಶಿ ದಾಟುವವರೆಗೂ ಟಿಕೆಟ್ಟು ತೆಗೆಯುವುದನ್ನೇ ಮರೆತು ಕೂತಿದ್ದಳು. ಕಂಡಕ್ಟರ್ ಎರಡು ಸಲ ಕೇಳಿದ. ಆಕೆಯ ತಲೆಯಲ್ಲಿ ಒಂದೇ ಗುಂಗು: ಬುಧವಾರ ತಾನು ಮಾಡಿದ ಹೊಸದು ಯಾವುದು? ಹೊಸದು ಒಂದೇ. ಕರೆಂಟಿನ ನೀರು!

ಗಂಗೊಳ್ಳಿಯ ದಕ್ಕೆಯಲ್ಲಿ, ಅಂದರೆ ಬೋಟು ಬಂದು ನಿಲ್ಲುವಲ್ಲಿ, ಮೀನು ಮಾರುವ ಹೆಂಗಸರ ಸಂಘಕ್ಕೆ ಒಂದು ಶೆಡ್ಡು ಇದೆ. ಅಲ್ಲಿಗೆ ಹೋದ ತಿಂಗಳು ಒಂದು ಮಷಿನ್ನು ಬಂದಿತ್ತು. ಮೀನಿನ ವಿಷಯ ಓದಿದವರು ಪರೀಕ್ಷೆಗೆಂದು ಮೂರು ತಿಂಗಳ ಮಟ್ಟಿಗೆ ತಂದಿಟ್ಟದ್ದು. ನೋಡಿಕೊಳ್ಳುವವಳು ವನಜಕ್ಕನ ಪಕ್ಕದ ಮನೆ ಸುಬ್ಬನ ಮಗಳು ನಿಶ್ಮಿತಾ. ಅವಳು ಅದನ್ನು ಪ್ಲಾಸ್ಮಾ ನೀರು ಅನ್ನುತ್ತಾಳೆ. ಉಳಿದವರೆಲ್ಲ ಕರೆಂಟಿನ ನೀರು ಅನ್ನುತ್ತಾರೆ. ಆ ನೀರಿನಲ್ಲಿ ಅದ್ದಿದರೆ ಮೀನು ಬೇಗ ಹಾಳಾಗುವುದಿಲ್ಲ ಅಂತ ನಿಶ್ಮಿತಾ ಹೇಳಿದ್ದಳು. ಹೇಳಿದ ದಿನ ವನಜಕ್ಕ ಏಲಂನ ಗಡಿಬಿಡಿಯಲ್ಲಿ ಅರ್ಧ ಕೇಳಿದ್ದಳು. ಇನ್ನರ್ಧ ತಾನೇ ಸೇರಿಸಿಕೊಂಡಿದ್ದಳು.

ಮನೆಗೆ ಬಂದು ಬುಟ್ಟಿ ಇಳಿಸಿದ್ದೇ ತಡ, ಗಂಡನ ಹತ್ತಿರ ಎಲ್ಲ ಹೇಳಿಕೊಂಡಳು. ಗಂಡನ ಹೆಸರು ಗುಡ್ಡ, ಬಲೆ ಹೊಲಿಯುತ್ತ ಕೂತಿದ್ದ. ಅವನಿಗೆ ಯಾವುದರಲ್ಲೂ ತಮಾಷೆಯೇ.

"ನಾ ಅವತ್ತೇ ಹೇಳ್ಲಿಲ್ಯಾ? ಕರೆಂಟಿನ ನೀರಂಗೆ ಅದ್ದಿದ ಮೀನ್ ತಿಂದ್ರೆ ಹೊಟ್ಟಿಯಂಗೆ ಬಲ್ಬ್ ಹೊತ್ತುತ್ತ್" ಅಂದ.

"ನಿಮ್ಗೆ ನಗಿ! ನಂದ್ ಮನಿ ಹೋಪುಕಾಯ್ತ್."

ಅಷ್ಟರಲ್ಲಿ ಓಣಿಯಾಚೆಯ ಸುಂದರಿ ಬಂದಳು. ಅವಳೂ ಮೀನು ಮಾರುವವಳೇ, ಬೈಂದೂರು ಕಡೆಗೆ ಹೋಗುವವಳು. ಅವಳಿಗೆ ಗೊತ್ತಿಲ್ಲದ ವಿಷಯವೇ ಇಲ್ಲ. "ಹ್ವಾಯ್ ವನಜಕ್ಕ, ಅದ್ ಕರೆಂಟೂ ಅಲ್ಲ, ಎಂತದೂ ಅಲ್ಲ. ಹೆಣ ಕೊಳೀದಿದ್ದಾಂಗೆ ಹಾಕ್ತ್ರಲ್ಲ, ಆ ಔಷಧಿ. ಅದ್ನೇ ನೀರಿಗೆ ಬೆರ್ಸಿ ಕೊಡೂದ್."

ಒಬ್ಬ ಬಲ್ಬು ಅಂದ, ಇನ್ನೊಬ್ಬಳು ಹೆಣದ ಔಷಧಿ ಅಂದಳು. ಮೂಲೆಯಲ್ಲಿ ಕೂತಿದ್ದ ಗುಡ್ಡನ ಅಣ್ಣ ಮಂಜಯ್ಯ ಬಾಯಿ ತೆರೆದು, "ಬಂಗ್ಡಿಯೇ ನಂಜ್ ಮಾರಾಯ್ರೆ. ಬೇಸ್ಗಿಯಂಗೆ ತಿಂಬುಕೇ ಆತಿಲ್ಲೆ" ಅಂದರು. ವನಜಕ್ಕ ಮೂವರ ಮುಖವನ್ನೂ ನೋಡಿದಳು. ಮೂರೂ ಸರಿ ಇರಬಹುದು ಅನಿಸಿತು. ಮೂರೂ ಸುಳ್ಳೇನೋ ಅಂತಲೂ ಅನಿಸಿತು. ಪುನಃ ಸೀರೆ ಸೆರಗು ಸಿಕ್ಕಿಸಿಕೊಂಡು ದಕ್ಕೆಗೆ ನಡೆದಳು. ತಮಾಷೆ ನೋಡಲಿಕ್ಕೆ ಗುಡ್ಡನೂ ಸುಂದರಿಯೂ ಹಿಂದಿನಿಂದ ಹೊರಟರು.

ನಿಶ್ಮಿತಾ ಶೆಡ್ಡಿನಲ್ಲಿ ಮಷಿನ್ನು ಒರೆಸುತ್ತಿದ್ದಳು.

"ಹೆಣ್ಣೇ ನಿಶ್ಮಿತಾ! ಎಂತ ನೀರ್ ಕೊಟ್ಟೆ ನಂಗೆ? ಜನ್ರ ಮೈಯೆಲ್ಲ ದದ್ದ್!" ವನಜಕ್ಕ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅತ್ತೂ ಬಿಟ್ಟಳು.

ನಿಶ್ಮಿತಾ ಜಗಳಕ್ಕೆ ನಿಲ್ಲಲಿಲ್ಲ. ಸ್ಟೂಲು ಎಳೆದು ಕೂರಿಸಿದಳು. "ಕೂಕಣಿ ಚಿಕ್ಕಿ. ಬುಧವಾರ ಎಂತೆಲ್ಲ ಮಾಡ್ರಿ? ಬೆಳಿಗ್ಗಿಂದ ಹೇಳಿ."

"ಬುಧವಾರ ಎಂತದ್? ಮಂಗ್ಳಾರ ಸಂಜಿಗೇ ನಿನ್ನ ಟಾಂಕಿಯಿಂದ ಒಂದ್ ಬಾಟ್ಲಿ ನೀರ್ ಹಿಡ್ಕಂಡ್ ಹೋದೆ."

"ಮಂಗ್ಳಾರವೇ?"

"ಹೌದ್. ದೇವ್ರ ಪಟದ ಬುಡ್ದಂಗೆ ಇಟ್ಟಿದ್ದೆ. ಮಡಿಯಂಗೇ ಇಟ್ಟಿದ್ದೆ ಕಾಣ್."

ಈ ಬಾಟ್ಲಿಯ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಕಡೆ ಮೀನು ಹೊತ್ತು ಮಾರುವ ಹೆಂಗಸರ ತಲೆಯ ಮೇಲೆ ಬುಟ್ಟಿ, ಕೈಯಲ್ಲೊಂದು ಬಾಟ್ಲಿ. ಗಿರಾಕಿಯ ಮನೆ ಬಂತು ಅಂದಾಗ ಆ ನೀರನ್ನು ಎರಡು ಸಲ ಚಿಮುಕಿಸಿದರೆ ಮೀನು ಮಿಣಮಿಣ ಹೊಳೆಯುತ್ತದೆ. ದಾರಿಯಲ್ಲಿ ಯಾವ ನಲ್ಲಿ ಸಿಕ್ಕಿತೋ ಆ ನಲ್ಲಿಯ ನೀರು. ವನಜಕ್ಕನೂ ಹಾಗೆಯೇ ಮಾಡಿಕೊಂಡು ಬಂದವಳು.

"ಸೈ. ಐಸ್ ಎಷ್ಟ್ ಹಾಕಿದ್ರಿ?" ನಿಶ್ಮಿತಾ ಕೇಳಿದಳು.

ವನಜಕ್ಕ ಆಚೆ ಈಚೆ ನೋಡಿದಳು. "ಐಸ್... ಹಾಕ್ಲಿಲ್ಲೆ."

"ಹಾಕ್ಲಿಲ್ಯಾ!"

"ಎಂತಕ್ಕೆ ಹಾಕುದ್? ಮೀನ್ ಹಾಳಾತಿಲ್ಲೆ ಅಂದ್ ನೀನೇ ಹೇಳಿದ್ದಲ್ದಾ? ಐಸಿನ ಭಾರ ಹೊತ್ ಹೊತ್ ಕುತ್ತಿಗಿ ಹೋಯ್ತ್. ಕರ್ಗಿದ್ ನೀರ್ ಬೆನ್ನಂಗೆ ಇಳ್ದ್ ರವಿಕೆಯೆಲ್ಲ ಚಂಡಿ. ಬಸ್ಸಂಗೆ ಯಾರೂ ಹತ್ರ ಕೂಕಂತಿಲ್ಲೆ. ಅದ್ಕೇ ಅವತ್ತ್ ಐಸ್ ಬಿಟ್ಟ್, ಮನಿ ಮನಿಯಂಗೂ ಈ ನೀರೇ ಚಿಮ್ಕಿಸ್ದೆ."

ಗುಡ್ಡ ಕಿಸಕ್ಕನೆ ನಕ್ಕ. ನಿಶ್ಮಿತಾ ನಗಲಿಲ್ಲ.

"ಚಿಕ್ಕಿ, ಗೋಲಿ ಸೋಡಾ ಒಡ್ದ್ ಒಂದ್ ದಿನ ಬಿಟ್ಟ್ ಕುಡುದ್ರೆ ಹ್ಯಾಂಗಿರತ್ತ್?"

"ಬರೀ ನೀರ್."

"ಇದೂ ಹಾಂಗೇ. ಈ ನೀರಿಗೆ ಶಕ್ತಿ ಇಪ್ಪುದ್ ಸೊಲ್ಪ ಹೊತ್ತ್. ಹೊತ್ತ್ ಹೋದಾಂಗೆ ಕಮ್ಮಿ ಆತ್ತ್. ಸೆಕಿ, ಬಿಸ್ಲ್ ತಾಗಿರೆ ಇನ್ನೂ ಬೇಗ. ಮಂಗ್ಳಾರದ ನೀರ್ ಬುಧವಾರ ಮಧ್ಯಾಹ್ನಕ್ಕೆ ಬಾವಿ ನೀರ್ ಇದ್ದಾಂಗೇ."

"ತೀರ್ಥ ಎಷ್ಟ್ ದಿನ ಇಟ್ರೂ ತೀರ್ಥವೇ ಅಲ್ದಾ?"

"ಇದ್ ತೀರ್ಥ ಅಲ್ಲ ಚಿಕ್ಕಿ, ಮಿಂಚಿನ ನೀರ್."

ಇದೊಳ್ಳೆ ಕಥೆಯಾಯಿತಲ್ಲ! ವನಜಕ್ಕ ಕಣ್ಣು ಕಣ್ಣು ಬಿಟ್ಟಳು. ಕರೆಂಟು ಹೋಗಿ ಔಷಧಿ ಬಂತು, ಔಷಧಿ ಹೋಗಿ ಈಗ ಮಿಂಚು.

ನಿಶ್ಮಿತಾ ಮಷಿನ್ನು ಚಾಲೂ ಮಾಡಿ ಗಾಜಿನ ಕಿಂಡಿಯಲ್ಲಿ ತೋರಿಸಿದಳು. ಒಳಗೆ ನೇರಳೆ ಬಣ್ಣದ ಸಣ್ಣ ಸಣ್ಣ ಕಿಡಿ ಚರಚರ ಅನ್ನುತ್ತಿತ್ತು. "ಮಳೆ ಶುರು ಆಪತ್ತಿಗೆ ಮಿಂಚ್ ಹೊಡಿತ್ತಲ್ಲ? ಆವಾಗ ಗಾಳಿಯೇ ಬದ್ಲಾತ್ತ್. ಇದ್ರೊಳ್ಗೂ ಅಂತದ್ದೇ ಸಣ್ಣ ಮಿಂಚ್. ಅದ್ಕೇ ಪ್ಲಾಸ್ಮಾ ಅಂಬುದ್. ಮಿಂಚ್ ತಾಗಿದ್ ಗಾಳಿ ನೀರಿಗೆ ಸೇರಿ, ನೀರ್ ಒಂಚೂರ್ ಹುಳಿ ಆತ್ತ್. ಮೀನ್ ಹಾಳ್ ಮಾಡು ಕ್ರಿಮಿ ಇರತ್ತಲ್ಲ, ಕಣ್ಣಿಗ್ ಕಾಣ್ದಿದ್ದದ್ದ್, ಅದ್ರ ಮೈ ಒಡಿತ್ತ್ ಈ ನೀರ್. ಕರೆಂಟ್ ನೀರಂಗೆ ಉಳಿತಿಲ್ಲೆ. ಹೆಣಕ್ಕೆ ಹಾಕು ಔಷಧಿಯ ಒಂದ್ ತೊಟ್ಟೂ ಇಲ್ಲೆ ಸುಂದರಕ್ಕ. ಬೇಕಾರೆ ಕೈ ಹಾಕಿ ಕಾಣಿ. ಕುಡುಕೆ ಮಾತ್ರ ಆತಿಲ್ಲೆ."

ಸುಂದರಿ ಕೈ ಹಾಕಲಿಲ್ಲ. ಗುಡ್ಡ ಹಾಕಿದ. "ಜುಂ ಅನ್ಲಿಲ್ಲ ಮಾರಾಯ್ರೆ!" ಅಂದ, ಸ್ವಲ್ಪ ಬೇಸರದಲ್ಲೇ.

"ಹಾಂಗಾರೆ ದದ್ದ್ ಎಲ್ಲಿಂದ ಬಂತ್?" ವನಜಕ್ಕನಿಗೆ ಬೇಕಾದದ್ದು ಅದು.

"ಸೆಕಿಯಿಂದ. ಬಂಗ್ಡಿ, ಬೈಗಿ, ಕೇದಾರ್ ಇಂಥ ಮೀನ್ ಐಸಿಲ್ದೆ ನಾಕೈದ್ ಗಂಟಿ ಬಿಸ್ಲಂಗೆ ಇದ್ರೆ, ಕ್ರಿಮಿ ಬೆಳ್ದ್ ಮೀನಿನ ಮಾಂಸದಂಗೇ ಒಂದ್ ನಮೂನಿ ನಂಜ್ ಮಾಡ್ತ್. ಆ ನಂಜಿಗೆ ವಾಸ್ನೆ ಬರ್ಕಂದೇನಿಲ್ಲೆ. ಬೇಯ್ಸಿರೂ ಹೋತಿಲ್ಲೆ. ಹುರ್ದ್ರೂ ಹೋತಿಲ್ಲೆ. ಒಂದ್ಸಲ ಆದ್ ಮೇಲೆ ಈ ಮಿಂಚಿನ ನೀರಂಗೆ ಮುಳ್ಗಿಸಿರೂ ಹೋತಿಲ್ಲೆ."

"ಹಾಂಗಾರೆ ಬಂಗ್ಡಿ ನಂಜಲ್ಲ?"

"ಬಂಗ್ಡಿ ನಂಜಲ್ಲ ಚಿಕ್ಕಿ. ಬಿಸ್ಲಂಗೆ ಕೂಕಂಡ ಬಂಗ್ಡಿ ನಂಜ್."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ವನಜಕ್ಕನಿಗೆ ಆ ಗಾದೆ ತನ್ನ ಮೇಲೆಯೇ ಬಂದು ಕೂತ ಹಾಗಾಯಿತು. ನಾಚಿಕೆಯೂ ಆಯಿತು. ಆದರೂ ಪೂರ್ತಿ ನಂಬಿಕೆ ಬರಲಿಲ್ಲ. ಒಂದು ಸಲ ಸುಟ್ಟುಕೊಂಡ ಕೈ ಅದು.

"ಮಾತ್ ಬಿಡಿ, ಮೂಗ್ ಇತ್ತಲ್ಲ" ಅಂದಳು ನಿಶ್ಮಿತಾ. ಶೆಡ್ಡಿನ ಮೂಲೆಯಿಂದ ಮೂರು ಪೆಟ್ಟಿಗೆ ಎಳೆದಳು. ಅವಳ ಪರೀಕ್ಷೆಯ ಪೆಟ್ಟಿಗೆಗಳು. ಎರಡರಲ್ಲಿ ಸೋಮವಾರದ ಬಂಗುಡೆ, ಒಂದೇ ಬೋಟಿನದು. ಎರಡಕ್ಕೂ ಐಸು ಹಾಕಿ ಇಟ್ಟದ್ದು. ಉಳಿದ ಒಂದರಲ್ಲಿ ಅಂದು ಬೆಳಿಗ್ಗೆಯ ಬಂಗುಡೆ, ಐಸಿಲ್ಲದ್ದು. ಮೇಲಿನ ಐಸೆಲ್ಲ ತೆಗೆದಳು, ಯಾವುದು ಯಾವುದು ಅಂತ ಮಾತ್ರ ಹೇಳಲಿಲ್ಲ.

ವನಜಕ್ಕ ಮೊದಲನೆಯ ಪೆಟ್ಟಿಗೆಗೆ ಕೈ ಹಾಕಿದಳು. ಕಿವಿರು ಬಿಡಿಸಿದಳು, ಕಂದು ಬಣ್ಣ. ಮೂಸಿದಳು, ಹುಳಿ ವಾಸನೆ ಶುರುವಾಗಿತ್ತು. ಎರಡನೆಯದರ ಕಿವಿರು ಇನ್ನೂ ಕೆಂಪಿತ್ತು, ಮೈ ಒತ್ತಿದರೆ ಗಟ್ಟಿ. ಮೂರನೆಯದನ್ನು ಮುಟ್ಟಿದ್ದೇ ಹೊಟ್ಟೆ ಮೆತ್ತಗೆ ಒಳಗೆ ಹೋಯಿತು.

"ಈ ಗಟ್ಟಿ ಇದ್ದದ್ದೇ ಇವತ್ತಿನ ಮೀನ್. ನಂಗೆ ಕಲ್ಸುಕ್ ಬರ್ಬೇಡ" ಅಂದಳು ವನಜಕ್ಕ.

"ಗಟ್ಟಿ ಇದ್ದದ್ದ್ ಸೋಮವಾರದ್ದ್ ಚಿಕ್ಕಿ. ಮಿಂಚಿನ ನೀರಂಗೆ ಅದ್ದಿ ಐಸಂಗೆ ಇಟ್ಟದ್ದ್. ಹುಳಿ ವಾಸ್ನೆಯದ್ದೂ ಸೋಮವಾರದ್ದೇ, ನಲ್ಲಿ ನೀರಂಗೆ ತೊಳ್ದ್ ಐಸ್ ಹಾಕಿ ಇಟ್ಟದ್ದ್. ಆ ಮೆತ್ತಗಿಪ್ಪುದಿತ್ತಲ್ಲ, ಅದೇ ಇವತ್ತ್ ಬೆಳಿಗ್ಗಿಂದ್. ಮಿಂಚಿನ ನೀರಂಗೇ ಅದ್ದಿದ್ದ್. ಐಸ್ ಮಾತ್ರ ಇಲ್ಲೆ."

ಗುಡ್ಡ ಬೀಡಿ ಹಚ್ಚಲು ತೆಗೆದವನು ಹಾಗೆಯೇ ಕಿಸೆಗೆ ಹಾಕಿಕೊಂಡ. ವನಜಕ್ಕ ಮೂರೂ ಪೆಟ್ಟಿಗೆಯನ್ನು ಇನ್ನೊಂದು ಸುತ್ತು ಮೂಸಿದಳು. ಇಪ್ಪತ್ತೆರಡು ವರ್ಷದ ಮೂಗು ಸುಳ್ಳು ಹೇಳುವುದಿಲ್ಲವಲ್ಲ.

"ಈ ನೀರ್ ಐಸಿನ ಬದ್ಲಿಗಲ್ಲ, ಐಸಿನ ಜೊತಿಗೆ" ಅಂದಳು ನಿಶ್ಮಿತಾ. "ಮೊದ್ಲ್ ಒಳ್ಳೆ ನೀರಂಗೆ ನೆತ್ರ, ಲೋಳಿ ತೊಳೀಕ್. ಅದಿದ್ರೆ ಈ ನೀರಿನ ಶಕ್ತಿಯೆಲ್ಲ ಅದ್ಕೇ ಹೋತ್ತ್. ಮತ್ತೆ ಆಗಷ್ಟೇ ತೆಗ್ದ ಮಿಂಚಿನ ನೀರಂಗೆ ಹತ್ತ್ ನಿಮಿಷ ಮುಳ್ಗಿಸ್ಕ್, ಚಿಮ್ಕಿಸೂದಲ್ಲ. ತೆಗ್ದ್ ಕೂಡ್ಲೆ ಐಸ್, ಅಡಿಗೂ ಮೇಲೂ. ನಮ್ಮ ಪರೀಕ್ಷೆಯಂಗೆ ಎರಡ್ ದಿನ ಹೆಚ್ಚ್ ತಡೀತಾ ಇತ್ತ್. ಎಲ್ಲಾ ಮೀನಿಗೂ ಹೀಂಗೇ ಅಂದ್ ನಾ ಹೇಳ್ತಿಲ್ಲೆ, ಅದ್ಕೇ ಪರೀಕ್ಷೆ ಮಾಡುದ್."

ವನಜಕ್ಕ ತಲೆಯಾಡಿಸಿದಳು. ಮಿಂಚು ನೀರಿಗೆ ಹೇಗೆ ಇಳಿಯುತ್ತದೆ ಅಂತ ಕೇಳಿದರೆ ಆಕೆಗೆ ಇವತ್ತಿಗೂ ಗೊತ್ತಿಲ್ಲ. ಮೊಬೈಲಿನಲ್ಲಿ ಮಾತು ಹೇಗೆ ಬರುತ್ತದೆ ಅಂತಲೂ ಗೊತ್ತಿಲ್ಲ. ಹಾಗಂತ ಮಾತಾಡದೆ ಇರುತ್ತಾಳೆಯೇ?

ಭಾನುವಾರ ಬಂತು. ಬೆಳಿಗ್ಗೆ ಏಲಂನಲ್ಲಿ ವನಜಕ್ಕ ಎರಡು ಬೋಟಿನ ಬಂಗುಡೆ ಹಿಡಿದಳು, ಅಶೋಕನ ಬೋಟಿನದು ಒಂದು ಪಾಲು, ಮನೀಷನ ಬೋಟಿನದು ಇನ್ನೊಂದು. ಪ್ರಫುಲ್ಲಮ್ಮನ ಮನೆಯ ಹನ್ನೊಂದು ಬೀಗರು, ಮನೆಯವರು, ಎಲ್ಲರಿಗೂ ಸಾಕಾಗಬೇಕಲ್ಲ. ಅಶೋಕನ ಬೋಟಿನ ಮೀನು ಬಿಲ್ಲಿನ ಹಾಗೆ ಸೆಟೆದು ನಿಂತಿತ್ತು. ಮನೀಷನ ಮೀನು ಮೇಲಿನಿಂದ ಚಂದವೇ ಇತ್ತು. ಶೆಡ್ಡಿಗೆ ತಂದು ಸುರಿದಾಗ ಅಡಿಯ ಮೀನಿಗೆ ಬೆರಳು ತಾಗಿತು. ಬೆಚ್ಚಗಿತ್ತು. ಹೊಟ್ಟೆ ಮೆತ್ತಗೆ. ಬೋಟಿನಲ್ಲಿ ಐಸು ಮುಗಿದಿತ್ತು ಅಂತ ಆಮೇಲೆ ಗೊತ್ತಾಯಿತು.

ಅತ್ತ ದರಿ, ಇತ್ತ ಪುಲಿ. ಇದನ್ನು ಬಿಟ್ಟರೆ ಬೀಗರ ಊಟಕ್ಕೆ ಮೀನು ಸಾಲದು. ಕೊಂಡು ಹೋದರೆ?

ಪಕ್ಕದಲ್ಲಿದ್ದ ಸುಂದರಿ ಕಿವಿಯಲ್ಲಿ ಹೇಳಿದಳು, "ಎಂತಕ್ ತಲೆ ಕೆಡ್ಸ್ಕಂತೆ? ಮಿಂಚಿನ ನೀರ್ ಇತ್ತಲ್ಲ, ಎರಡ್ ಸಲ ಅದ್ದ್. ವಾಸ್ನೆ ಒಂಚೂರೂ ಬತ್ತಿಲ್ಲೆ. ಯಾರಿಗ್ ಗೊತ್ತಾತ್ತ್?"

ಅದು ನಿಜ. ಯಾರಿಗೂ ಗೊತ್ತಾಗುವುದಿಲ್ಲ. ವನಜಕ್ಕ ಒಂದು ಬಂಗುಡೆ ಎತ್ತಿ ಅದರ ಹೊಟ್ಟೆ ಇನ್ನೊಮ್ಮೆ ಒತ್ತಿ ನೋಡಿದಳು. ಅದ್ದಲೋ, ಬಿಡಲೋ. ಕಡೆಗೆ ಅಂದಳು, "ವಾಸ್ನೆ ಹೋತ್ತ್ ಸುಂದರಿ. ನಂಜ್ ಹೋತಿಲ್ಲೆ ಅಂದ್ ಹೇಳಿತ್ತಲ್ಲ ಆ ಹೆಣ್ಣ್."

ಮನೀಷನ ಪಾಲು ಪೂರ್ತಿ ಮೀನು ಹಿಟ್ಟಿನ ಕಾರ್ಖಾನೆಯ ಲಾರಿಗೆ ಹೋಯಿತು. ಅಶೋಕನ ಪಾಲನ್ನು ಒಳ್ಳೆಯ ನೀರಿನಲ್ಲಿ ತೊಳೆದಳು. ನಿಶ್ಮಿತಾ ಹೊಸದಾಗಿ ತೆಗೆದುಕೊಟ್ಟ ನೀರಿನಲ್ಲಿ ಗಡಿಯಾರ ನೋಡಿ ಹತ್ತು ನಿಮಿಷ ಮುಳುಗಿಸಿದಳು. ಬುಟ್ಟಿಯ ಅಡಿಗೆ ಐಸು, ನಡುವೆ ಮೀನು, ಮೇಲೆ ಮತ್ತೆ ಐಸು. ಬಸ್ಸಿನಲ್ಲಿ ತಣ್ಣನೆಯ ನೀರು ಕುತ್ತಿಗೆಯಿಂದ ಬೆನ್ನಿಗೆ ಇಳಿಯುತ್ತಿದ್ದರೂ ಆಕೆ ಒರೆಸಿಕೊಳ್ಳಲಿಲ್ಲ. ಸರಿ ಮಾಡಿದೆನೋ, ಇಪ್ಪತ್ತೆರಡು ವರ್ಷದ ಮನೆಯನ್ನು ಕೈಯಾರೆ ಕಳೆದುಕೊಂಡೆನೋ, ಆಕೆಗೇ ಗೊತ್ತಿರಲಿಲ್ಲ.

ಪ್ರಫುಲ್ಲಮ್ಮ ಬುಟ್ಟಿಯನ್ನು ಇಣುಕಿ ನೋಡಿ ಹುಬ್ಬು ಗಂಟಿಕ್ಕಿದರು. "ಇಷ್ಟೇಯಾ? ಹನ್ನೊಂದ್ ಜನ ಅಂದ್ ಹೇಳಿದ್ದೆ ಅಲ್ದಾ ನಿಂಗೆ?"

"ಹೇಳಿದ್ರಿ ಅಮ್ಮ. ಇನ್ನೊಂದ್ ಪಾಲ್ ಹಿಡ್ದಿದ್ದೆ, ಅದ್ ಬೆಚ್ಚಗಿತ್ತ್. ನಿಮ್ಮನಿಗೆ ತರುಕೆ ಮನ್ಸ್ ಬರ್ಲಿಲ್ಲೆ. ಬುಧವಾರದ್ದ್ ನನ್ನದೇ ತಪ್ಪ್ ಅಮ್ಮ. ಐಸ್ ಹಾಕ್ಲಿಲ್ಲೆ ನಾ." ಅಷ್ಟು ಹೇಳಿ ವನಜಕ್ಕ ತಲೆ ತಗ್ಗಿಸಿದಳು.

ಪ್ರಫುಲ್ಲಮ್ಮ ಒಂದೊಂದೇ ಬಂಗುಡೆ ಎತ್ತಿ ಕಿವಿರು ನೋಡಿದರು. ಹೊಟ್ಟೆ ಒತ್ತಿದರು. ಮೂಸಿದರು. ಆಮೇಲೆ ಒಳಗೆ ತಿರುಗಿ ಕೂಗಿದರು, "ಅಕ್ಷಿತಾ, ಮಸಾಲಿ ಅರೀಕ್ ಹಾಕ್. ಮೀನ್ ಬೀಗ್ರಿಗೆ ಆತ್ತ್. ನಾವ್ ಇವತ್ತ್ ಮೊಟ್ಟಿ ತಿಂಬ."

ಮೀನನ್ನೆಲ್ಲ ಪಾತ್ರೆಗೆ ಹಾಕಿಸಿಕೊಂಡರು. ಖಾಲಿ ಬುಟ್ಟಿ ತಲೆಗೇರಿಸಿ ವನಜಕ್ಕ ಅಂಗಳ ದಾಟುತ್ತಿದ್ದಳು. ಹಿಂದಿನಿಂದ ಪ್ರಫುಲ್ಲಮ್ಮನ ದನಿ ಕೇಳಿತು.

"ಹ್ವಾಯ್ ವನಜ, ನಾಳೆ ಎಷ್ಟೊತ್ತಿಗೆ ಬತ್ತೆ?"

ವನಜಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಒಂಬತ್ತ್ ಗಂಟಿ ಒಳ್ಗೆ ಬತ್ತೆ ಅಮ್ಮ" ಅಂದಳು.

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮಿಂಚಿನ ನೀರಿನ ಮಷಿನ್ನು ನಿಮ್ಮ ದಕ್ಕೆಗೆ ಇನ್ನೂ ಬಂದಿರಲಿಕ್ಕಿಲ್ಲ. ಬಂದರೆ ಹೆದರಬೇಡಿ, ಹಾಗಂತ ಅದನ್ನು ತೀರ್ಥವೂ ಮಾಡಬೇಡಿ. ತಿಳಿದವರನ್ನು ಕೇಳಿ, ಪೂರ್ತಿ ಕೇಳಿ, ಅರ್ಧ ಕೇಳಿ ಓಡಬೇಡಿ. ಮನೆಯಲ್ಲೇ ಕರೆಂಟಿನ ತಂತಿ ನೀರಿಗೆ ಇಳಿಸುವ ಹುಚ್ಚು ಸಾಹಸವಂತೂ ಬೇಡವೇ ಬೇಡ. ಮೀನು ತಿಂದ ಸ್ವಲ್ಪ ಹೊತ್ತಿನಲ್ಲೇ ಮೈ ಕೆಂಪಾಗಿ ತುರಿಸಿದರೆ ನಂಜು ಅಂತ ಕೂರದೆ ಡಾಕ್ಟರ ಹತ್ತಿರ ಹೋಗಿ. ಹಾಳಾದ ಮೀನನ್ನು ಒಳ್ಳೆಯದು ಮಾಡುವ ನೀರು ಯಾವ ಊರಿನಲ್ಲೂ ಇಲ್ಲ. ಒಳ್ಳೆಯ ಮೀನನ್ನು ಒಳ್ಳೆಯದಾಗಿಯೇ ಇಡುವ ಐಸು ನಿಮ್ಮ ದಕ್ಕೆಯಲ್ಲೇ ಇದೆ. ನಾಳೆ ಬೆಳಿಗ್ಗೆ ಬುಟ್ಟಿ ತಲೆಗೇರಿಸುವ ಮುಂಚೆ ಒಂದು ಸಲ ಅಡಿಗೆ ಕೈ ಹಾಕಿ ನೋಡಿ. ಕೈ ತಣ್ಣಗಾಗದಿದ್ದರೆ ಹೊರಡಬೇಡಿ.